ನಮ್ಮವ್ವನ ಗುಂಡುಸೋರೆ

ನಮ್ಮನೇಲಿ ಒಬ್ಬೊಬ್ಬರಿಗೂ ಒಂದೊಂದು ಬಳ್ಳಿ ಅದೆ ಕಣ್ರೀ. ರೋಹಿಣಿ ಮಳೆ ಒಂದು ಹದ ಬಿದ್ದ ಮೇಲೆ ಒಂದು ಭಾನುವಾರ ನೋಡ್ಕೊಂಡು ಎಲ್ಲರೂ ಹಿತ್ತಲಿಗೆ ಇಳೀತೀವಿ. ಅವರವರ ಗುಣಿ ಅವರವರೇ ತೋಡಬೇಕು, ಅವರವರ ಬೀಜ ಅವರವರೇ ಊರಬೇಕು. ಗೊಬ್ಬರ, ನೀರು, ಹುಳ ಆಯೋದು, ಚಪ್ಪರಕ್ಕೆ ಹತ್ತಿಸೋದು ಎಲ್ಲಾ ಅವರವರದೇ ಪಾಡು. ನಮ್ಮನೆಯವರದು ಪಡವಲ. ಗಂಡನ ಹೆಸರು ಹೇಳಬಾರದು ಅಂತಾರೆ, ನಾನು ಹೇಳ್ತೀನಿ ಬುಡಿ, ಚಲುವಯ್ಯ ಅಂತ. ಮಗ ಮಹೇಂದ್ರನದು ಹೀರೆ. ಸೊಸೆ ಸೌಂದರ್ಯ ಚುಂಚನಕಟ್ಟೆ ಕಡೆಯವಳು, ನಾಲೆ ನೀರು ಕುಡಿದು ಬೆಳೆದೋಳು, ಅವಳದು ಹಾಗಲ. ಮೊಮ್ಮಗಳು ಪುಟ್ಟಿದು ಸೌತೆ, ಯಾಕಂದ್ರೆ ಅದು ಬೇಗ ಕಾಯಿ ಬುಡ್ತದೆ, ಹಸೀದೇ ತಿನ್ನಬೋದು. ನಂದು, ಈ ಚಾಮುಂಡಿದು, ಗುಂಡುಸೋರೆ.

ಯಾರ ಬಳ್ಳಿ ಮೊದಲು ಕಾಯಿ ಬುಡ್ತದೋ ಅವತ್ತಿನ ಅಡುಗೆ ಅವರು ಹೇಳ್ದಂಗೆ. ಹೋದ ವರ್ಷ ಪುಟ್ಟಿ ಗೆದ್ದು ಮೂರು ಹೊತ್ತೂ ಪೂರಿ ಮಾಡಿಸ್ಕೊಂಡ್ಲು. ಊರೋ ದಿನ ಪಾಯಸ ಮಾಡಿ, ಹಿತ್ತಲಲ್ಲೇ ಬಾಳೆಎಲೆ ಹಾಕ್ಕೊಂಡು ಉಣ್ತೀವಿ. ಪಂಚಾಂಗದಲ್ಲಿ ಇಲ್ಲದಿದ್ರೂ ನಮಗೆ ಅದು ಹಬ್ಬವೇ. ಈ ವರ್ಷ ಪುಟ್ಟಿಯ ಸ್ಕೂಲಿನ ಮಿಸ್ಸು ಪರಿಸರ ದಿನಕ್ಕೆ ಮನೆಯೋರೆಲ್ಲ ಸೇರಿ ಗಿಡ ನೆಟ್ಟು ಫೋಟೋ ಕಳಿಸಿ ಅಂತ ಮೊಬೈಲಲ್ಲಿ ಹಾಕಿದ್ರು. ಪಕ್ಕದ ಬೀದೀಲಿ ಒಬ್ಬರು ನರ್ಸರಿಯಿಂದ ಒಂದು ಗಿಡ ತಂದ್ರು, ಬೀದಿಯೋರೆಲ್ಲ ಸರದಿ ಮೇಲೆ ಅದನ್ನೇ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ರು. ನಮಗೆ ಅಂತಾ ಗತಿ ಬಂದಿಲ್ಲ ಕಣವ್ವ ಅಂತ ಆ ಮಿಸ್ಸಿಗೆ ಹೇಳಬೇಕು ಅಂತ ನನಗಿತ್ತು. ಆದ್ರೆ ಈ ವರ್ಷ ಹೇಳೋಕೆ ನನಗೆ ಬಾಯಿ ಇರಲಿಲ್ಲ. ಎಲ್ಲರ ಗುಣಿಗೂ ಬೀಜ ಬಿದ್ದಿತ್ತು, ನನ್ನ ಗುಣಿ ಒಂದೇ ಬರಿದಾಗಿತ್ತು.

ಯಾಕಂತ ಹೇಳ್ತೀನಿ. ನಮ್ಮೂರು ಹನಗೋಡಿನ ಪಕ್ಕ. ನನ್ನ ತವರು ಕೋಟೆ ತಾಲೂಕು. ತವರೂರು ಅಂದ್ರೆ ಈಗ ಊರಿಲ್ಲ, ಕಬಿನಿ ಹಿನ್ನೀರಿನ ಕೆಳಗದೆ. ಡ್ಯಾಮಿನ ನೀರು ಬರ್ತದೆ ಅಂತ ಎಬ್ಬಿಸಿದಾಗ ನಾನು ಪುಟ್ಟಿಯಷ್ಟಿದ್ದೆ. ಊರೋರೆಲ್ಲ ಬಾಗಿಲು, ಹೆಂಚು, ತೊಲೆ ಬಿಚ್ಚಿ ಗಾಡಿಗೆ ಹೇರ್ತಾ ಇದ್ರೆ ನಮ್ಮವ್ವ ಕೊಟ್ಟಿಗೆಗೆ ಹೋಗಿ ಗೋಡೆ ಮೇಲಿನ ಸಗಣಿತಟ್ಟೆ ಬಿಡಿಸಿ ಮಡಿಲಿಗೆ ತುಂಬ್ಕೋತಾ ಕೂತ್ಲು. ಮನೆ ಮುಳುಗೋ ಹೊತ್ನಲ್ಲಿ ಸಗಣಿ ಹೊತ್ಕೊಂಡವ್ಳಲ್ಲಪ್ಪ ಇವ್ಳು ಅಂತ ನಮ್ಮಪ್ಪ ಹಣೆ ಹಣೆ ಚಚ್ಕೊಂಡ. ಆ ತಟ್ಟೆಗಳ ಒಳಗೆ ಗುಂಡುಸೋರೆ ಬೀಜ ಇತ್ತು.

ಈಗಿನೋರಿಗೆ ಗೊತ್ತಿರಲ್ಲ ಅಂತ ಹೇಳ್ತೀನಿ. ಬಳ್ಳಿ ಬೀಜಕ್ಕೆ ವಸಿ ಬೂದಿ ಹಾಕಿ, ಸಗಣೀಲಿ ಕಲಸಿ, ಅಂಗೈ ಅಗಲ ತಟ್ಟಿ ಗೋಡೆಗೆ ಬಡಿದುಬುಟ್ರೆ ಹುಳ ಮುಟ್ಟಲ್ಲ, ಇಲಿ ಮುಟ್ಟಲ್ಲ. ಮುಂದಿನ ಮಳೆಗಾಲದ ತನಕ ಅಂಗೇ ಇರ್ತದೆ. ಊರುವಾಗ ತಟ್ಟೇನೇ ಮುರಿದು ಗುಣಿಗೆ ಹಾಕಿದ್ರೆ ಬೀಜವೂ ಆಯ್ತು, ಗೊಬ್ಬರವೂ ಆಯ್ತು.

ಆ ಕಾಯಿ ಬಿಂದಿಗೆಯಂಗೆ ದುಂಡಗೆ ಇರ್ತದೆ. ಬೆಂದ್ರೆ ಬೆಣ್ಣೆ. ಸಂತೇಲಿ ಮಾರೋ ಉದ್ದಸೋರೆ ಇದರ ಮುಂದೆ ಬರೀ ನೀರು ಕಣ್ರೀ. ಅವ್ವ ಸಾಯೋ ಮುಂಚೆ ನನಗೂ ನನ್ನ ತಂಗಿಗೂ ಬೀಜ ಕೊಟ್ಟು, ಹೆಣ್ಣುಮಕ್ಕಳಿಗೆ ಬುಟ್ಟು ಯಾರಿಗೂ ಕೊಡಬ್ಯಾಡಿ ಅಂದಿದ್ಲು. ನನಗೆ ಹೆಣ್ಣುಮಕ್ಕಳಿಲ್ಲ. ಇರೋನು ಮಹೇಂದ್ರ ಒಬ್ಬನೇ. ಎಳೇ ಕಾಯಿ ಊರಿಗೆಲ್ಲ ಹಂಚ್ತಿದ್ದೆ, ಬೀಜ ಬಲಿತ ಕಾಯಿ ಒಂದೂ ಹೊಸಿಲು ದಾಟಿಲ್ಲ. ಜಿಪುಣಿ ಅಂದ್ರು. ಅನ್ನಲಿ ಬುಡು ಅಂತ ನಾನು ಕಿವಿಗೇ ಹಾಕ್ಕೊಂಡಿರಲಿಲ್ಲ. ತವರು ಅಂತ ಹೇಳ್ಕೊಳ್ಳೋಕೆ ಒಂದು ಗೋಡೆಯೂ ಇಲ್ಲದೋಳಿಗೆ ಆ ಬೀಜವೇ ತವರು.

ಈ ಸಲ ಭರಣಿ ಮಳೆ ಹೊತ್ಗೆ ಕೆ.ಆರ್. ನಗರದಲ್ಲಿರೋ ನನ್ನ ತಂಗಿಗೆ ಕಣ್ಣಿನ ಆಪರೇಷನ್ ಆಯ್ತು. ನೋಡ್ಕೊಳ್ಳೋಕೆ ಅಂತ ಹೋಗಿ ಒಂದಷ್ಟು ದಿನ ಅಲ್ಲೇ ಉಳ್ಕೊಂಡೆ. ವಾಪಸ್ಸು ಬಂದು ಹನಗೋಡಲ್ಲಿ ಬಸ್ಸಿಳೀತೀನಿ, ನಮ್ಮನೆಯವರು ನಿಂತವ್ರೆ. ಬ್ಯಾಗು ಕೊಡು ಅಂತ ಕೈ ಚಾಚಿದ್ರು. ಮದುವೆಯಾದಾಗಿಂದ ನನ್ನ ಬ್ಯಾಗು ಹಿಡಿದ ಆಸಾಮಿಯಲ್ಲ ಅದು. ಏನೋ ಆಗದೆ ಅಂತ ನನಗೆ ಆಗಲೇ ಅನ್ನಿಸ್ತು.

ಮನೆಗೆ ಬಂದ್ರೆ ಸೌಂದರ್ಯ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿ ಮಡಗವ್ಳೆ. ನನಗೆ ಇಷ್ಟ ಅಂತ ಗೊತ್ತು. ಮಹೇಂದ್ರ ಹೊಗೆಸೊಪ್ಪಿನ ಸಸಿ ನಾಟಿ ಬುಟ್ಟು ಮನೇಲಿ ಕೂತವ್ನೆ, ಅವ್ವ ನೀನಿಲ್ಲದೆ ಮನೆ ಮನೆಯಂಗೇ ಇರಲಿಲ್ಲ ಅಂತಾನೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡು ನೋಡ್ಕೊಂಡ ಅಂತಾರಲ್ಲ, ಇಲ್ಲಿ ನಾನು ಕಳ್ಳ ಅನ್ನೋಕೆ ಮುಂಚೇನೇ ಮೂವರೂ ಹೆಗಲು ಸವರ್ಕೋತಾ ಇದ್ರು. ನಾನು ಏನೂ ಕೇಳದೆ ಎರಡು ರೊಟ್ಟಿ ತಿಂದೆ. ಮೂರನೇದು ಮುರೀತಾ ಇದ್ದಂಗೆ ಪುಟ್ಟಿ ಬಂದು ನನ್ನ ತೊಡೆ ಮೇಲೆ ಕೂತ್ಲು.

"ಅಜ್ಜಿ, ತಾತ ನಿನ್ ಸೋರೆಬೀಜದಲ್ಲಿ ನೀರ್ ಕಾಯಿಸ್ಕೊಂಡು ಮೈಗೆ ಉಯ್ಕತು. ಒಲೆಯೊಳ್ಗೆ ಪಟಾಕಿ ತರ ಚಟಚಟ ಅಂತಿತ್ತು ಗೊತ್ತಾ?"

ರೊಟ್ಟಿ ಕೈಯಲ್ಲೇ ಉಳೀತು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬುಟ್ರು. ಭರಣಿ ಮಳೆ ಓರೆಗೆ ಹೊಡೆದು ಕೊಟ್ಟಿಗೆ ಗೋಡೆ ನೆನೀತಾ ಇತ್ತಂತೆ. ಅತ್ತೆ ಬೀಜ ಕೊಳೆತು ಹೋಗ್ತದೆ ಅಂತ ಸೌಂದರ್ಯ ತಟ್ಟೆಗಳನ್ನ ಒಂದೂ ಬುಡದೆ ಬಿಡಿಸಿ, ಮಂಕರಿಗೆ ತುಂಬಿ, ಬೆಚ್ಚಗಿರಲಿ ಅಂತ ಬಚ್ಚಲೊಲೆ ಪಕ್ಕ ಮಡಗಿದ್ಲು. ಬೆಳಗಿನ ಜಾವ ನಮ್ಮನೆಯವರು ಹಂಡೆ ಒಲೆ ಹಚ್ಚೋಕೆ ಹೋದ್ರು. ಸೌದೆಯೆಲ್ಲ ಬ್ಯಾರನ್‌ಗೆ, ಹೊಗೆಸೊಪ್ಪು ಬೇಯಿಸೋಕೆ ಬೇಕು, ಒಂದು ಕಡ್ಡಿ ಮುಟ್ಟಬ್ಯಾಡಿ ಅಂತ ಮಹೇಂದ್ರನ ಅಪ್ಪಣೆ. ತೆಂಗಿನ ಗರಿ ನೆಂದಿತ್ತು. ಮಂಕರಿ ತುಂಬ ಬೆರಣಿ ಅದೆಯಲ್ಲ ಅಂತ ಒಂದೊಂದೇ ಒಲೆಗೆ ಹಾಕಿದ್ರು. ಅವರ ಕಣ್ಣಿಗೆ ಪೊರೆ ಬಂದು ಎಷ್ಟು ದಿನ ಆಯ್ತೋ. ತಂಗಿ ಕಣ್ಣಿಗೆ ಆಪರೇಷನ್ ಅಂತ ಅಲ್ಲಿಗೆ ಓಡಿದ ನಾನು ಮೊದಲು ಇವರ ಕಣ್ಣಿಗೆ ಮಾಡಿಸಬೇಕಿತ್ತು. ಒಲೆ ಚಟಗುಟ್ಟಿದಾಗ ಹರಳುಬೀಜ ಸೇರ್ಕೊಂಡದೆ ಅಂತ ಅಂದ್ಕೊಂಡು, ಚೆನ್ನಾಗಿ ಉರೀತದೆ ಅಂತ ಇನ್ನೆರಡು ಹಾಕಿದ್ರಂತೆ.

ಏನೇನು ಬೈದೆ ಅಂತ ಕೇಳಬ್ಯಾಡಿ. ನನಗೆ ಕೋಪ ಮೂಗಿನ ತುದೀಲೇ ಇರೋದು. ಮೂವರ ಗ್ರಹಚಾರವನ್ನೂ ಬಿಡಿಸಿದೆ. ಯಾರ ಮನೆ ವಸ್ತು ಅಂತ ಮುಟ್ಟಿದೆ ಅಂತ ಸೊಸೆಗೆ ಅಂದುಬುಟ್ಟೆ. ಒಳ್ಳೇದಕ್ಕೆ ಮಾಡಿದ್ಲು ಅಂತ ಗೊತ್ತಿದ್ರೂ ಅಂದೆ. ಅವಳು ರೊಟ್ಟಿ ತಟ್ಟೆ ಎತ್ಕೊಂಡು ಒಳಗೆ ಹೋದ್ಲು. ಆಮೇಲೆ ನಾನು ಬಚ್ಚಲಿಗೆ ಹೋಗಿ ಒಲೆ ಬೂದಿ ಎಳೆದು ಮೊರಕ್ಕೆ ಹಾಕಿ ಕೇರಿದೆ. ಒಂದಾದ್ರೂ ಬೀಜ ಉಳಿದಿರಲಿ ದೇವರೇ ಅಂತ. ಎಲ್ಲಾ ಕರಿ ಸಿಪ್ಪೆ. ಮೊರ ಹಿಡ್ಕೊಂಡು ಅಲ್ಲೇ ಕೂತು ಅತ್ತೆ ಕಣ್ರೀ. ಅವ್ವ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ತಂಗಿಗೆ ಫೋನು ಮಾಡಿದೆ. ಅಕ್ಕ, ನಮ್ಮದು ಎರಡು ರೂಮಿನ ಮನೆ, ಗೋಡೆಗೆ ಸಗಣಿ ಬಡಿಯೋಕಾಗ್ತದಾ, ಎಂದೋ ಹುಳ ತಿಂದೋಯ್ತು ಅಂದ್ಲು. ಇಷ್ಟು ವರ್ಷ ನನಗೆ ಹೇಳೇ ಇಲ್ಲ ನೋಡಿ ಕಳ್ಳಿ. ಮಹೇಂದ್ರ ಹುಣಸೂರಿನ ಅಂಗಡಿಗಳನ್ನೆಲ್ಲ ಸುತ್ತಿ ಬಣ್ಣಬಣ್ಣದ ಪೊಟ್ಟಣ ತಂದ. ಹೀರೆ, ಪಡವಲ, ಹಾಗಲ ಎಲ್ಲಾ ಸಿಕ್ತು. ಗುಂಡುಸೋರೆ ಅಂತ ಬರೆದಿದ್ದ ಒಂದು ಪೊಟ್ಟಣವನ್ನೂ ತಂದಿದ್ದ ಪಾಪ. ಅದರ ಮೇಲಿನ ಚಿತ್ರ ನೋಡಿ, ಇದು ಬೇರೆ ಯಾರದೋ ಅವ್ವನದು ಕಣಪ್ಪ ಅಂತ ವಾಪಸ್ಸು ಕೊಟ್ಟೆ.

ಆ ಬೀಜ ಇರೋ ಮನೆ ಒಂದಿತ್ತು. ಅದು ನಮ್ಮೆಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬುಡ್ತಿರಲಿಲ್ಲ. ಹಿತ್ತಲ ಗೋಡೆಯಿಂದಾಚೆ ನಮ್ಮ ಭಾವ ಬೆಟ್ಟಸ್ವಾಮಿಯೋರ ಮನೆ. ಅವರ ಹೆಂಡತಿ ನಿಂಗಾಜಮ್ಮ ನನಗೆ ವಾರಗಿತ್ತಿ. ಏಳೆಂಟು ವರ್ಷದ ಹಿಂದೆ ಬೀಜಕ್ಕೆ ಅಂತ ಕೆಂಪು ಬಟ್ಟೆ ಕಟ್ಟಿ ಬುಟ್ಟಿದ್ದ ನನ್ನ ಸೋರೆಕಾಯಿ ರಾತ್ರೋರಾತ್ರಿ ಮಾಯ ಆಯ್ತು. ಬಟ್ಟೆ ಮಾತ್ರ ಗೋಡೆ ಮೇಲೆ ನೇತಾಡ್ತಿತ್ತು. ಮುಂದಿನ ಶ್ರಾವಣದಲ್ಲಿ ನೋಡಿದ್ರೆ ನಿಂಗಾಜಮ್ಮನ ಮನೆ ಹೆಂಚಿನ ಮೇಲೆ ನಮ್ಮವ್ವನ ಗುಂಡುಸೋರೆ ಸಾಲಾಗಿ ಕೂತವೆ. ಬೀದಿಗೆ ನಿಂತು ಕಳ್ಳಿ ಅಂದೆ. ದಿನಗಟ್ಟಲೆ ಬೈದೆ. ಅವತ್ತಿಂದ ಮಾತಿಲ್ಲ ಕತೆಯಿಲ್ಲ. ಗಂಡಸರು ಅವರಪಾಡಿಗೆ ಹೊಲದಲ್ಲಿ ಬೀಡಿ ಹಂಚ್ಕೋತಾರೆ. ನಾವಿಬ್ಬರು ನಲ್ಲೀಲಿ ಎದುರಾದ್ರೆ ಬಿಂದಿಗೆ ನೋಡ್ಕೊಂಡು ಹೋಗ್ತೀವಿ.

ನಮ್ಮನೆಯವರು ಒಂದು ಸಲ, ಅತ್ತಿಗೇನ ನಾನೇ ಕೇಳ್ಲಾ ಅಂತ ರಾಗ ತೆಗೆದ್ರು. ಕೇಳಿದ್ರೆ ನನ್ನ ಹೆಣ ನೋಡ್ತೀರಿ ಅಂದೆ.

ಊರೋ ಭಾನುವಾರ ಬಂದೇ ಬಂತು. ಬೇಕಾಗಿದ್ದಂಗೆ ಹದ ಆಗಿತ್ತು, ಮಣ್ಣು ಹಿಡಿದ್ರೆ ಉಂಡೆ ಆಗ್ತಿತ್ತು. ಎಲ್ಲರೂ ಇಳಿದ್ರು. ನಾನೂ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತೆ. ನೋಡ್ತೀನಿ, ನನ್ನ ಜಾಗದಲ್ಲಿ ಗುಣಿ ತೋಡದೆ. ಅಗಲವಾಗಿ, ಗೊಬ್ಬರ ಹಾಕಿ, ಬದಿಗೆ ಕಲ್ಲು ಜೋಡಿಸಿ ಚೆಂದಾಗಿ ಮಾಡದೆ. ಸೌಂದರ್ಯಳ ಕೆಲಸ. ಯಾರು ತೋಡು ಅಂದೋರು ಅಂತ ಕೇಳಿದೆ. ಅವಳು ತನ್ನ ಹಾಗಲದ ಗುಣಿ ಮುಂದೆ ಕುಕ್ಕರಗಾಲಲ್ಲಿ ಕೂತು ಬೀಜ ಊರ್ತಾ ಇದ್ಲು. ಮೂಗು ಏರಿಸೋ ಸದ್ದು ಕೇಳಿಸ್ತು. ನಾನು ಊರಿಂದ ಬಂದಾಗಿಂದ ಆ ಹುಡುಗಿ ಮನೇಲಿ ಒಂದು ಲೋಟ ಎತ್ತಿಡೋಕೂ ಅತ್ತೆ, ಇದು ಎತ್ಲಾ ಅಂತ ಕೇಳ್ತಾ ಇದ್ಲು. ಮದುವೆಯಾಗಿ ಬಂದ ಹೊಸತರಲ್ಲೂ ಅಷ್ಟು ಹೆದರಿರಲಿಲ್ಲ. ನನಗೆ ಕೆಟ್ಟದನ್ನಿಸ್ತು, ಸಮಾಧಾನ ಹೇಳೋಕೆ ಮಾತ್ರ ಬಾಯಿ ಬರಲಿಲ್ಲ.

ಮಹೇಂದ್ರ ಮಿಸ್ಸಿಗೆ ಕಳಿಸೋಕೆ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದ. ಒಬ್ಬೊಬ್ಬರೂ ಅವರವರ ಗುಣಿ ಪಕ್ಕ. ನಾನು ಬರೀ ಗುಣಿ ಪಕ್ಕ, ಮುಖ ಊದಿಸ್ಕೊಂಡು.

ಊಟಕ್ಕೆ ಎಲೆ ಹಾಕೋ ಹೊತ್ಗೆ ಪುಟ್ಟಿ ಕಾಣಿಸ್ಲಿಲ್ಲ. ಕೂಗ್ತಾ ಇದ್ದಂಗೆ ಗೋಡೆ ಸಂದಿಯಿಂದ ಓಡಿ ಬಂದ್ಲು. ದೊಡ್ಡಜ್ಜಿ ಮನೆಗೆ ಹೋಗಿದ್ದೆ, ನಮ್ಮಜ್ಜಿಗೆ ಸೋರೆಬೀಜ ಕೊಡು ಅಂತ ಕೇಳಿದೆ ಅಂದ್ಲು. ಪಾಯಸ ಬಡಿಸ್ತಿದ್ದ ಸೌಂದರ್ಯಳ ಸೌಟು ಅಲ್ಲೇ ನಿಂತೋಯ್ತು. ನಮ್ಮನೆಯವರು ಎಲೆ ಮೇಲಿನ ಉಪ್ಪು ನೋಡೋಕೆ ಶುರು ಮಾಡಿದ್ರು.

"ಕೊಡ್ತೀನಂತೆ, ಆದ್ರೆ ನಂಗಲ್ವಂತೆ. ನಿಮ್ಮಜ್ಜಿಗೇ ಕಾಲಿಲ್ವಾ, ಅವಳೇ ಬರ್ಲಿ ಅಂತು ದೊಡ್ಡಜ್ಜಿ."

ಕಳ್ಳತನ ಮಾಡಿದೋಳ ಮನೆ ಬಾಗಿಲಿಗೆ ಕಳ್ಕೊಂಡೋಳು ಹೋಗಿ ಕೈ ಚಾಚಬೇಕಾ? ಹೋಗಲ್ಲ ಅಂದೆ. ಎಲೆ ಮುಂದೆ ಕೂತೆ. ಒಂದು ತುತ್ತು ಪಾಯಸ ಬಾಯಿಗಿಟ್ಟೆ, ಇಳೀಲಿಲ್ಲ. ಬರೀ ಗುಣಿ ಎದುರಿಗೇ ಕಾಣ್ತಿತ್ತು. ರೋಹಿಣಿ ಮುಗೀತಾ ಬಂದಿತ್ತು. ಈ ಮಳೆಗೆ ಬೀಜ ಬೀಳದಿದ್ರೆ ಈ ವರ್ಷ ಇಲ್ಲ, ಈ ವರ್ಷ ಇಲ್ಲ ಅಂದ್ರೆ ಮುಂದಿನ ವರ್ಷ ಎಲ್ಲಿಂದ ಬಂತು? ನೀರು ಕುಡಿದು ಎದ್ದೆ. ಎಲ್ಲಿಗೆ ಅಂತ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಹೋಗ್ತಿರಲಿಲ್ಲ ಅನ್ನೋದು ಅವರಿಗೂ ಗೊತ್ತು.

ನಿಂಗಾಜಮ್ಮ ಜಗಲಿ ಮೇಲೆ ಕಾಲು ನೀಡ್ಕೊಂಡು ರಾಗಿ ಕೇರ್ತಾ ಇದ್ಲು. ನಾನು ಅಂಗಳದಲ್ಲಿ ನಿಂತೆ. ಅವಳು ತಲೆ ಎತ್ತಿ ನೋಡಿ, ಮೊರ ಪಕ್ಕಕ್ಕೆ ಸರಿಸಿ, ಕೂತ್ಕೊಳ್ಳೋಕೆ ಜಾಗ ಮಾಡಿದ್ಲು. ನಾನು ಕೂರ್ಲಿಲ್ಲ.

"ಬೀಜಕ್ಕೆ ಬಂದಿವ್ನಿ ಕಣಕ್ಕ" ಅಂದೆ. ಇಷ್ಟು ವರ್ಷದ ಮೇಲೆ ಅಕ್ಕ ಅನ್ನೋ ಮಾತು ಬಾಯಿಂದ ತಾನಾಗೇ ಬಂತು.

ಅವಳು ಸೆರಗಲ್ಲಿ ಕೈ ಒರೆಸ್ಕೊಂಡು ನನ್ನನ್ನೇ ನೋಡಿದ್ಲು.

"ಅವತ್ತು ಊರೋರ್ ಮುಂದೆ ಕಳ್ಳಿ ಅಂದೆ. ಸುಳ್ಳಲ್ಲ ಬುಡು, ಕದ್ದೆ. ಎಲ್ಡ್ ವರ್ಸ ಬಾಯ್ ಬುಟ್ಟು ಕೇಳಿದ್ದೆ, ನಾಳೆ ಕೊಡ್ತೀನಿ ನಾಡಿದ್ದು ಕೊಡ್ತೀನಿ ಅಂದೆ ನೀನು. ಈಗ ಯೋಳು ಚಾಮುಂಡಿ, ನಾನ್ ಕದೀದೆ ಇದ್ದಿದ್ರೆ ಇವತ್ತು ನಿಮ್ಮವ್ವನ ಸೋರೆ ಎಲ್ಲಿರ್ತಿತ್ತು?"

ಎದುರಿಗಿರೋರು ನಿಜ ಹೇಳಿದ್ರೆ ನನಗೆ ಇನ್ನೂ ಕೋಪ ಬರ್ತದೆ. ಕೊಡೋದಾದ್ರೆ ಕೊಡು, ಬುದ್ಧಿವಾದ ಬ್ಯಾಡ ಅಂದೆ. ಅವಳಿಗೆ ನಗು ಬಂತು. ಮೊರ ಬುಟ್ಟು ಎದ್ದು ನನ್ನ ಕೈ ಹಿಡ್ಕೊಂಡು ಕೊಟ್ಟಿಗೆಗೆ ಕರ್ಕೊಂಡು ಹೋದ್ಲು. ಗೋಡೆ ತುಂಬ ಸಗಣಿತಟ್ಟೆ. ನಮ್ಮವ್ವ ತಟ್ತಿದ್ದಂಗೇ, ಅಂಗೈ ಅಗಲ, ಮೇಲೆ ಬೀಜದ ಮೂತಿ ಕಾಣೋ ಅಂಗೆ. ಎಷ್ಟು ಬೇಕೋ ಕಿತ್ಕೋ ಅಂದ್ಲು. ಒಂದು ತಟ್ಟೆ ಬಿಡಿಸಿ ಮೂಸಿ ನೋಡಿದೆ. ಬರೀ ಸಗಣಿ ವಾಸನೆ ಕಣ್ರೀ, ಆದ್ರೂ ಇನ್ನೊಂದು ಸಲ ಮೂಸಿದೆ.

ನಿಂಗಾಜಕ್ಕ ಮಾತು ನಿಲ್ಲಿಸ್ಲಿಲ್ಲ. ಬೀಜ ಇನ್ನೂ ಎಲ್ಲೆಲ್ಲಿ ಅದೆ ಅಂತ ಹೇಳ್ತಾ ಹೋದ್ಲು. ಪಿರಿಯಾ­ಪಟ್ಟಣದಲ್ಲಿರೋ ಮಗಳ ಹಿತ್ತಲಲ್ಲಿ ಅದೆಯಂತೆ. ಹೊಗೆಸೊಪ್ಪು ಬುಡಿಸೋಕೆ ಬರ್ತಾಳಲ್ಲ ಕಾಡಂಚಿನ ಹಾಡಿಯ ಕುಳ್ಳಿ, ಅವಳು ಒಯ್ದು ಗುಡಿಸಿಲ ಮೇಲೆ ಹಬ್ಬಿಸವ್ಳಂತೆ, ಆನೆ ಬಂದು ತಿಂದು ಹೋದ್ರೂ ಮತ್ತೆ ಹಾಕವ್ಳಂತೆ. ಎನ್. ಬೇಗೂರಲ್ಲಿ ಅವರ ಬೀಗರ ಮನೇಲೂ ಅದೆಯಂತೆ. ಬೇಗೂರು ಅಂದ್ರೆ ಕೋಟೆ ತಾಲೂಕು. ನಮ್ಮವ್ವ ಗಾಡಿ ಮೇಲೆ ಮಡಿಲಲ್ಲಿ ಹೊತ್ಕೊಂಡು ಬಂದಿದ್ದು ತಿರುಗಿ ಅವಳ ತಾಲೂಕಿಗೇ ಹೋಗದೆ. ಇಷ್ಟು ವರ್ಷ ಬೀಗ ಹಾಕಿ ಕಾಯ್ತಾ ಕೂತೋಳು ನಾನು, ಊರೂರು ತಿರುಗ್ಸಿದೋಳು ಇವಳು.

"ನೀನು ಅವತ್ತು ಬಾಯ್ ತುಂಬ ಬೈದೆ ನೋಡು, ಅದ್ಕೇ ಇಂಗೆ ಅಬ್ಬಿರೋದು. ಕದ್ದ ಬಳ್ಳಿಗೆ ಬೈಗುಳಾನೇ ಗೊಬ್ರ ಅಂತ ನಮ್ಮತ್ತೆ ಯೋಳ್ತಿರ್ನಿಲ್ವಾ?"

ಅಂಗಾದ್ರೆ ಇನ್ನೂ ವಸಿ ಬೈಬೇಕಾಗಿತ್ತು ಅಂದೆ. ಇಬ್ಬರೂ ನಕ್ಕೋ. ಕಾಫಿ ಕುಡಿದೇ ಹೋಗು ಅಂತ ಹಟ ಹಿಡಿದ್ಲು, ಕುಡಿದೆ. ಸಕ್ಕರೆ ಜಾಸ್ತಿ ಆಗಿತ್ತು, ಹೇಳ್ಲಿಲ್ಲ. ಸೆರಗಲ್ಲಿ ತಟ್ಟೆ ಕಟ್ಕೊಂಡು ಮನೆಗೆ ಬಂದ್ರೆ ನಾಲ್ಕು ಜನವೂ ಎಲೆ ಮುಂದೆ ಅಂಗೇ ಕೂತವ್ರೆ, ಯಾರೂ ಉಂಡಿಲ್ಲ. ಸೌಂದರ್ಯಾ, ನೀನು ತೋಡಿರೋ ಗುಣಿ ಚೆನ್ನಾಗದೆ ಕಣವ್ವ ಅಂದೆ. ನನ್ನ ಲೆಕ್ಕದಲ್ಲಿ ಅದು ಕ್ಷಮೆ ಕೇಳ್ದಂಗೆ. ಅವಳಿಗೆ ಅರ್ಥ ಆಯ್ತೋ ಏನೋ, ತಣ್ಣಗಾಗಿದ್ದ ಪಾಯಸ ಬಿಸಿ ಮಾಡೋಕೆ ಒಳಗೆ ಓಡಿದ್ಲು. ಬೀಜ ಊರಿ ಆದ್ಮೇಲೆ ಮಹೇಂದ್ರ ಇನ್ನೊಂದು ಫೋಟೋ ತೆಗೆದ. ಅದರಲ್ಲಿ ನಾನು ಹಲ್ಲು ಕಿರಿದಿರೋದು ನೋಡಿ ಮಿಸ್ಸು ಏನಂದ್ಕೊಂಡ್ರೋ.

ಈ ವರ್ಷ ಮೊದಲು ಕಾಯಿ ಬುಟ್ಟಿದ್ದು ಮಹೇಂದ್ರನ ಹೀರೆ. ಅವನು ಕೋಳಿಸಾರು ಅಂದ, ಹೀರೇಕಾಯಿ ಗೆದ್ದಿದ್ದಕ್ಕೆ ಕೋಳಿ ಯಾಕೋ ಅಂತ ಅವರಪ್ಪ ಕಿತ್ತಾಡಿದ್ರು, ಕೊನೆಗೆ ಎಲ್ಲರೂ ಎರಡೆರಡು ಸಲ ಹಾಕಿಸ್ಕೊಂಡು ಉಂಡ್ರು. ನನ್ನ ಸೋರೆ ಶ್ರಾವಣಕ್ಕೆ ಶುರುವಾಗಿ ಚಪ್ಪರ ಜಗ್ಗೋ ಅಷ್ಟು ಬುಡ್ತು. ಬಚ್ಚಲ ಹೆಂಚಿನ ಮೇಲೆ ಹತ್ತಿ ಆಚೆ ನಿಂಗಾಜಕ್ಕನ ಬಳ್ಳಿಗೆ ಸೇರ್ಕೊಂಡು, ಯಾವ ಕಾಯಿ ಯಾರದು ಅಂತ ಹೇಳೋಕಾಗದೆ ನಾವಿಬ್ಬರೂ ದಿನಾ ಜಗಳ ಆಡಿದೋ. ಈ ಜಗಳ ಚೆನ್ನಾಗಿರ್ತದೆ ಕಣ್ರೀ.

ಬೀಜಕ್ಕೆ ಅಂತ ಒಳಗೆ ಎರಡು ಕಾಯಿ ಬುಟ್ಟೆ. ಇನ್ನೊಂದು, ಎಲ್ಲಕ್ಕಿಂತ ದೊಡ್ಡದನ್ನ, ಬೀದಿ ಕಡೆ ಗೋಡೆ ಮೇಲೆ ಕೈಗೆ ಎಟುಕೋ ಅಂಗೆ ಕೂರಿಸಿದೆ. ಅವ್ವ ಯಾರಿಗೂ ಕೊಡಬ್ಯಾಡ ಅಂದಿದ್ಲು, ಸರಿ, ಕೊಡಲ್ಲ. ಕದಿಸ್ಕೋಬ್ಯಾಡ ಅಂತ ಎಲ್ಲಿ ಹೇಳಿದ್ಲು? ಕಾಯಿ ಬಲಿತು, ಸಿಪ್ಪೆ ಗಟ್ಟಿಯಾಗಿ, ತಟ್ಟಿದ್ರೆ ಠಣ್ ಅನ್ನೋ ಅಂಗಾಯ್ತು. ಯಾರೂ ಮುಟ್ಲಿಲ್ಲ. ದಿನಾ ಎದ್ದು ನೋಡ್ತೀನಿ, ಅಲ್ಲೇ ಕೂತದೆ. ನನ್ನ ಬಾಯಿಗೆ ಹೆದರಿ ಊರಿಗೆ ಊರೇ ಸಾಚಾ ಆಗೋಗದೆ. ಹಾಳಾದ್ ಜನ, ಒಂದು ಸೋರೆಕಾಯಿ ಕದಿಯೋಕೂ ಯೋಗ್ಯತೆ ಇಲ್ವಲ್ಲ ಇವರಿಗೆ ಅಂತ ಒಂದಿನ ನಮ್ಮನೆಯವರ ಹತ್ರ ರೇಗಾಡಿದೆ. ಸೌಂದರ್ಯ ಅಲ್ಲೇ ಸೊಪ್ಪು ಸೋಸ್ತಾ ಕೂತಿದ್ಲು.

ಕಾರ್ತೀಕದಲ್ಲಿ ಅವಳು ತವರಿಗೆ ಹೊರಟ್ಲು, ಎರಡು ದಿನ ಇದ್ದು ಬರೋಕೆ. ಬೆಳಗ್ಗೆ ಬಸ್ಸಿಗೆ ಅಂತ ರೆಡಿಯಾಗಿ ಬಂದು ನನ್ನ ಕಾಲಿಗೆ ಬಿದ್ಲು. ಮುಖ ಎತ್ತಲಿಲ್ಲ. ಒಂದು ಕೈಯಲ್ಲಿ ಬಟ್ಟೆ ಬ್ಯಾಗು. ಇನ್ನೊಂದು ಚೀಲ ಬೆನ್ನ ಹಿಂದೆ ಮಾಡ್ಕೊಂಡವ್ಳೆ, ಸೆರಗು ಬೇರೆ ಮುಚ್ಚವ್ಳೆ. ಹುಷಾರಾಗಿ ಹೋಗ್ಬಾ ಅಂದೆ. ಅವಳು ಅಡ್ಡಡ್ಡ ಹೆಜ್ಜೆ ಹಾಕ್ಕೊಂಡು ಅಂಗಳ ದಾಟಿದ್ಲು. ಬೀದಿಗೆ ಇಳಿದು ಬೆನ್ನು ತಿರುಗಿಸಿದಾಗ ಕಂಡ್ತು. ಚೀಲ ದುಂಡಗೆ ಉಬ್ಬಿತ್ತು. ಗೋಡೆ ಕಡೆ ನೋಡಿದೆ, ಖಾಲಿ.

ಕರೆದು, ಒಯ್ಯವ್ವ, ನೀನೇ ನನ್ನ ಹೆಣ್ಣುಮಗಳು ಅಂತ ಹೇಳ್ಬೋದಿತ್ತು. ಹೇಳೋಕೆ ಎದೆ ತುಂಬ ಇತ್ತು. ಹೇಳಿದ್ರೆ ಅದು ಕದ್ದ ಬೀಜ ಆಗಲ್ವಲ್ಲ. ಹಿತ್ತಲ ಕಲ್ಲಿನ ಮೇಲೆ ಹತ್ತಿ, ಗೋಡೆ ಹಿಡ್ಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ ಶುರು ಮಾಡಿದೆ. ನನ್ನ ಸೋರೆಕಾಯಿ ಕದ್ದೋಳ ಕೈ ಸೇದೋಗ ಅಂದೆ. ಅವಳ ಚಪ್ಪರ ಮುರಿದು ಬೀಳೋ ಅಷ್ಟು ಕಾಯಿ ಬುಡ್ಲಿ, ಕಿತ್ತು ಕಿತ್ತು ಸೊಂಟ ಬಿದ್ದೋಗ್ಲಿ ಅಂದೆ. ಅವಳ ಬೀದಿಯೋರೆಲ್ಲ ಬಂದು ಅವಳ ಮನೇಲೂ ಕದೀಲಿ ಅಂದೆ. ಗೋಡೆಯಾಚೆಯಿಂದ ನಿಂಗಾಜಕ್ಕ ತಲೆ ಎತ್ತಿ ನೋಡಿದ್ಲು, ಬೀದೀಲಿ ಹೋಗ್ತಿದ್ದ ಚೀಲ ನೋಡಿದ್ಲು, ಅವಳೂ ಸೇರ್ಕೊಂಡು ನನಗೆ ನೆನಪಾಗದ ಬೈಗುಳಗಳನ್ನೆಲ್ಲ ಬೈದ್ಲು. ಸೌಂದರ್ಯ ಚೀಲವನ್ನ ಎದೆಗವಚ್ಕೊಂಡು ಜೋರಾಗಿ ಹೆಜ್ಜೆ ಹಾಕಿದ್ಲು. ತಿರುವಿನಲ್ಲಿ ಒಂದೇ ಒಂದು ಸಲ ತಿರುಗಿ ನೋಡಿದ್ಲು, ಮುಖ ತುಂಬ ನಗು.

ನಮ್ಮನೆಯವರು ಕಾಫಿ ಲೋಟ ಹಿಡ್ಕೊಂಡು ಓಡಿ ಬಂದು, ಬೆಳಬೆಳಗ್ಗೆನೇ ಯಾರಿಗೆ ಈ ಮಂಗಳಾರತಿ ಅಂತ ಕೇಳಿದ್ರು.

"ಬೀಗಿತ್ತಿ ಹಿತ್ತಲಿಗೆ ಗೊಬ್ರ ಆಕ್ತಾ ಇವ್ನಿ, ಸುಮ್ನಿರಿ" ಅಂದು ಮುಂದುವರಿಸಿದೆ.